ವರಿಪಟ್ಟಿಯಲ್ಲಿ ಇಲ್ಲದ ಬೀದಿ

ತಮಿಳುನಾಡಿನ ಸೋಮನೂರಿನ ನೇಕಾರರ ಬೀದಿಯಲ್ಲಿ ಬೆಳಗ್ಗೆ ಆರಕ್ಕೇ ವಿದ್ಯುತ್ ಮಗ್ಗಗಳು ಬಡಿಯತೊಡಗುತ್ತವೆ. ಶೆಡ್ಡಿನ ಮಾಲೀಕ ಆರುಮುಗಂ ಎಂಟೂ ಮಗ್ಗ ಓಡಿಸಿ ಟೀ ಲೋಟ ಹಿಡಿಯುವ ಹೊತ್ತಿಗೆ ಕನ್ನಿಯಮ್ಮಾಳ್ ಒಳಗೆ ಬಂದಳು. ಹನ್ನೆರಡು ವರ್ಷದಿಂದ ಅವನಲ್ಲಿ ಮಗ್ಗದ ಹಾಸಿನಲ್ಲಿ ಹರಿದ ನೂಲಿನ ಎಳೆ ಕೂಡಿಸುವವಳು. ಅವಳ ನಾಲ್ಕು ವರ್ಷದ ಮೊಮ್ಮಗಳು ಗೋಕಿಲಾ ವಾಂತಿಭೇದಿಯಾಗಿ, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡು ಹದಿನೇಳು ದಿನವಾಗಿತ್ತು.

“ಇನ್ನೂ ನಾಕು ದಿನ ಬಿಟ್ಟು ಬರಬಾರದಾ?” ಎಂದು ಅವಳ ಭಾಷೆಯಾದ ತಮಿಳಿನಲ್ಲಿ ಕೇಳಿದ.

“ಮನೇಲಿ ಕೂತರೆ ಆ ನಾತ, ಮೊದಲಾಳಿ. ಬಾಗಿಲ ಮುಂದೇ ನಿಂತಿದೆ.”

ಆರುಮುಗಂ ಟೀ ಲೋಟ ಕೆಳಗಿಟ್ಟ. ನಾತ ಎಲ್ಲಿಯದೆಂದು ಅವನಿಗೆ ಗೊತ್ತಿಲ್ಲವೇ?

ಹೋದ ವರ್ಷ ಒಂದು ಯೋಜನೆ ಬಂದಿತ್ತು. ಊರವರು ಒಂದು ಪಾಲು ಹಾಕಿದರೆ ಸರ್ಕಾರ ಎರಡು ಪಾಲು ಹಾಕಿ ಚರಂಡಿ ಕಟ್ಟಿಸುತ್ತದೆ. ಊರ ಪಾಲು ಎತ್ತುವ ಕೆಲಸ ಆರುಮುಗನ ತಲೆಗೆ ಬಂತು. ಅವನೋ, ಚೌಡೇಶ್ವರಿ ಹಬ್ಬಕ್ಕೆ ಮನೆಮನೆಯಿಂದ ವರಿ, ಅಂದರೆ ವಂತಿಗೆ, ಎತ್ತುವ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೊರಟ. ಅದರಲ್ಲಿ ಇದ್ದದ್ದು ಅವನದೇ ಕನ್ನಡ ಮಾತಿನ ನೇಕಾರ ಕುಲದ ಮನೆಗಳು ಮಾತ್ರ. ಕನ್ನಿಯಮ್ಮಾಳ್ ಊರಾಚೆಯ ತಮ್ಮ ದಲಿತ ಕಾಲನಿಯವರ ಪಾಲನ್ನೂ ಕೂಡಿಸಿ ತಂದಾಗ, “ಇದು ಗುಡಿ ಪಟ್ಟಿ ಅಮ್ಮ, ಇದರಲ್ಲಿ ನಿಮ್ಮ ಹೆಸರು ಬರಲ್ಲ” ಎಂದು ವಾಪಸು ಕಳಿಸಿದ್ದ. ಗುಡಿಯ ಪಟ್ಟಿ ಹಿಡಿದು ಚರಂಡಿ ಕಟ್ಟುವುದೇ! ಕುಲದಲ್ಲಿ ಒಬ್ಬರಿಗೂ ಅದು ತಪ್ಪು ಅನ್ನಿಸಲಿಲ್ಲ. ಪಟ್ಟಿ ಮುಗಿದಲ್ಲಿ ಸಿಮೆಂಟೂ ಮುಗಿಯಿತು. ಊರಿನ ಕೊಳಕೆಲ್ಲ ತಗ್ಗಿನ ಕಾಲನಿಗೆ ನುಗ್ಗಿ, ಅವರು ಕುಡಿಯುವ ಬೋರಿನ ಸುತ್ತ ನಿಂತಿತು.

ಹತ್ತು ಗಂಟೆಗೆ ಎಂಜಿನಿಯರ್ ಬಂದರು, ಜೊತೆಗೆ ಕುಲದ ಯಜಮಾನ ರಾಮಲಿಂಗಂ. ಎಲ್ಲ ಬೀದಿಗೂ ಅನುಕೂಲವಾಗಿದೆ ಎಂಬ ಕಾಗದಕ್ಕೆ, ಊರ ಪಾಲು ಎತ್ತಿದ ಆರುಮುಗನ ರುಜು ಬೇಕಿತ್ತು. ಅದು ಬಿದ್ದರೆ ಕಾಮಗಾರಿ ಮುಗಿದಂತೆ. ಕಾಲನಿಗೆ ಇನ್ನು ಚರಂಡಿಯ ಮಾತೇ ಇಲ್ಲ.

“ಹಾಕಪ್ಪ,” ಎಂದರು ರಾಮಲಿಂಗಂ. “ಪಾಲು ಹಾಕಿದವರು ನಾವು. ಅವರಿಗೆ ಬೇರೆ ಯೋಜನೆ ಬಂದೇ ಬರುತ್ತೆ.”

“ಅವರೂ ತಂದಿದ್ರು ಮಾಮಾ. ನಾನೇ ತಿರುಗಿ ಕಳಿಸಿದ್ದು.”

“ನೀನೊಬ್ಬನೇನಾ? ನಾವೆಲ್ಲ ಒಪ್ಪಿರಲಿಲ್ವಾ? ಈಗ ನಮ್ಮ ಮಾನ ಬೀದಿಗೆ ತರ್ತೀಯಾ? ಬರೋ ತಿಂಗಳು ನಿನ್ನ ಮಗಳು ಕೃತ್ತಿಕಾ ಮದುವೆ. ಕುಲದವರು ಒಬ್ಬರೂ ನಿನ್ನ ಚಪ್ಪರಕ್ಕೆ ಬರಲ್ಲ, ನೋಡ್ಕೋ.”

ಯಜಮಾನರು ಅಂದದ್ದನ್ನು ಮಾಡುವವರೇ. ಆರುಮುಗನಿಗೆ ಮಗಳ ಮುಖ ಕಣ್ಣ ಮುಂದೆ ಬಂತು. ಕನ್ನಿಯಮ್ಮಾಳ್ ಅಲ್ಲೇ ಎಳೆ ಕೂಡಿಸುತ್ತಿದ್ದಳು.

“ಫೋಟೋನೂ ಬೇಕು,” ಎಂದರು ಎಂಜಿನಿಯರ್. “ಚರಂಡಿ ಮುಗಿಯೋ ಜಾಗದಲ್ಲಿ ನೀವು ನಿಂತಿರಬೇಕು.”

“ಬನ್ನಿ ಸಾರ್, ತೋರಿಸ್ತೀನಿ.”

ಸಿಮೆಂಟು ಮುಗಿದಲ್ಲಿ ಅವರು ನಿಂತರು. ಆರುಮುಗಂ ನಿಲ್ಲಲಿಲ್ಲ. ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದದ ಕೊಳಕಿಗೆ ಇಳಿದು, ಕನ್ನಿಯಮ್ಮಾಳಿನ ಬಾಗಿಲ ತನಕ ನಡೆದ.

“ಇಲ್ಲಿ ಮುಗಿಯುತ್ತೆ ಸಾರ್. ತೆಗೀರಿ. ಕೆಲಸ ಮುಗಿದಿಲ್ಲ ಅಂತ ಬರೀರಿ. ಇವರ ಪಾಲು ಬೇಡ ಅಂದವನು ನಾನು, ಅದನ್ನೂ ಬರೀರಿ.”

ಎಂಜಿನಿಯರ್ ಫೋನು ಎತ್ತಿ ಫೋಟೋ ತೆಗೆದರು. ರಾಮಲಿಂಗಂ ಥೂ ಎಂದು ಉಗಿದು ಹೊರಟುಹೋದರು.

ಹಿಂದೆಯೇ ಬಂದಿದ್ದ ಕನ್ನಿಯಮ್ಮಾಳ್ ದಡದಲ್ಲಿ ನಿಂತಿದ್ದಳು. ಕೈ ಮುಗಿಯಲಿಲ್ಲ, ಬೈಯಲೂ ಇಲ್ಲ.

“ಈಗ ನೀವು ನಿಂತಿದ್ದೀರಲ್ಲ, ಅಲ್ಲೇ ನಮ್ಮ ಪಾಪು ಆಡ್ತಿದ್ದಳು,” ಎಂದಳು.

ಆರುಮುಗಂ ಆ ಕೊಳಕಿನಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತ.