ಹೆಣ್ಣು ಕುದುರೆಯ ಕೂದಲು

ಎಪ್ಪತ್ತಾರು ವರ್ಷದ ನಮ್ಮ ದೆಲ್ಮೊ ಚಿಕ್ಕಪ್ಪನಿಗೆ ಮೀನು ಹಿಡಿಯಲು ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಹೊರಟವನು ಯಾರು? ಫುಲ್ವಿಯೊ! ಏಳು ವರ್ಷದ ಹಿಂದೆ ತುರಿನ್ ಪಟ್ಟಣದಿಂದ ಹೊಸ ಬೂಟು ಹಾಕಿಕೊಂಡು ಬಂದು, ಸೇಸಿಯಾ ಹೊಳೆಯಲ್ಲಿ ಜಾರಿ ಬಿದ್ದು, ಇದೇ ಚಿಕ್ಕಪ್ಪನ ಕೈಹಿಡಿದು ಎದ್ದವನು. ಕುದುರೆಬಾಲದ ಕೂದಲಿನಿಂದ ಗಾಳದ ದಾರ ಹೊಸೆಯುವುದನ್ನು ನಮ್ಮ ಅಡುಗೆಮನೆಯಲ್ಲೇ ಕೂತು, ನಮ್ಮ ಮೆಕ್ಕೆಜೋಳದ ಪೊಲೆಂಟಾ ತಿಂದು ಕಲಿತ. ಆಮೇಲೆ ಅದನ್ನೇ ಪುಸ್ತಕ ಮಾಡಿದ. ಪುಸ್ತಕ ಬಂದದ್ದೇ ಗಾಳದವರ ಸಂಘಕ್ಕೆ ಅಧ್ಯಕ್ಷನಾದ. ಅಧ್ಯಕ್ಷನಾದದ್ದೇ ನಿಯಮ ತಂದ: ಸೇತುವೆಯ ಹತ್ತಿರದ ಮಡುಗಳಲ್ಲಿ ಇನ್ನು ಮುಂದೆ ಶುದ್ಧ ಸಂಪ್ರದಾಯ ಬಲ್ಲವರು ಮಾತ್ರ ಗಾಳ ಹಾಕಬಹುದು. ಪರೀಕ್ಷೆ ಪಾಸಾದವರಿಗೆ ಚೀಟಿ.

ಆ ಮಡುಗಳನ್ನು ಬಿಟ್ಟರೆ ಚಿಕ್ಕಪ್ಪನಿಗೆ ಬೇರೆ ಜಾಗವಿಲ್ಲ. ಮೇಲಿನ ಬಂಡೆಗಳನ್ನು ಹತ್ತಲು ಮೊಣಕಾಲು ಒಪ್ಪುವುದಿಲ್ಲ. ಚೀಟಿ ಸಿಗದಿದ್ದರೆ ಅವನ ಗಾಳದ ಕೋಲು ಮೂಲೆ ಸೇರಿದಂತೆಯೇ. ಸಂಘದವರೆಲ್ಲ ಗಾಳಕ್ಕೆ ಬಳಸುವ ಹುಸಿನೊಣಗಳನ್ನು, ಹುಂಜದ ಗರಿ ಮತ್ತು ರೇಷ್ಮೆ ದಾರದಲ್ಲಿ, ಕಟ್ಟಿಕೊಡುವವಳು ನಾನು. ಆ ಸಲುಗೆಯಿಂದಲೇ ಚಿಕ್ಕಪ್ಪನ ಜೊತೆ ಹೊಳೆಗೆ ಹೋದೆ.

"ದಾರದ ಬುಡದಲ್ಲಿ ಎಷ್ಟು ಕೂದಲು, ದೆಲ್ಮೊ ಅವರೇ?" ಫುಲ್ವಿಯೊ ಪುಸ್ತಕ ತೆರೆದ.

"ನೀರು ನೋಡ್ಕೊಂಡು ಹಾಕ್ತೀನಪ್ಪ. ಇವತ್ತಿಗೆ ಹದಿನಾಲ್ಕು ಸಾಕು."

"ತಪ್ಪು. ಹದಿನೆಂಟು."

"ಹದಿನೆಂಟು ಹಿಮ ಕರಗೋ ತಿಂಗಳಿಗೆ ಕಣೋ. ನಾನೇ ಹೇಳಿದ್ನಲ್ಲ."

"ಪುಸ್ತಕದಲ್ಲಿ ತಿಂಗಳು ಇಲ್ಲ."

ನನ್ನ ಮೈಯೆಲ್ಲ ಉರಿಯಿತು. "ಬರ್ಕೊಳ್ಳೋವಾಗ ತೂಕಡಿಸ್ತಿದ್ರಾ?" ಎಂದೆ.

"ಇಲ್ದಾ ಅವರೇ, ಪರೀಕ್ಷೆ ನಿಮಗಲ್ಲ," ಎಂದವನು, ಸರಿಯಾದ ಕ್ರಮ ತೋರಿಸುತ್ತೇನೆಂದು ತನ್ನ ಕೋಲನ್ನೇ ಎತ್ತಿಕೊಂಡ.

ಚಿಕ್ಕಪ್ಪ ಆ ದಾರವನ್ನು ಬೆರಳಲ್ಲಿ ಸವರಿ ನೋಡಿದ. "ಇದು ಹೆಣ್ಣು ಕುದುರೆ ಬಾಲದ್ದಲ್ವೇನೋ? ಉಚ್ಚೆ ಬಿದ್ದೂ ಬಿದ್ದೂ ಲಡ್ಡಾಗಿರುತ್ತೆ. ಹಾಕ್ಬೇಡ."

"ಆನ್‌ಲೈನಲ್ಲಿ ತರಿಸಿದ್ದು, ಒಳ್ಳೇ ಮಾಲು," ಎಂದು ನಕ್ಕು ಬೀಸಿದ.

ಎರಡನೇ ಬೀಸಿಗೆ ದೊಡ್ಡ ಟ್ರೌಟ್ ಮೀನು ಕಚ್ಚಿತು. ಜಗ್ಗಿದ ಕೂಡಲೇ ದಾರ ಪಟ್ಟೆಂದು ಹರಿಯಿತು. ಮಾರುದ್ದದ ತುಂಡನ್ನೂ ನನ್ನ ಮೂರು ನೊಣಗಳನ್ನೂ ಎಳೆದುಕೊಂಡು ಓಡಿದ ಮೀನು, ಮಡುವಿನ ನಡುವೆ ಮುಳುಗಿದ್ದ ಕೊಂಬೆಗೆ ಸಿಕ್ಕಿಕೊಂಡು ಒದ್ದಾಡತೊಡಗಿತು. ಹಾಗೇ ಬಿಟ್ಟರೆ ಅಲ್ಲೇ ಸಾಯುತ್ತದೆ. ಫುಲ್ವಿಯೊ "ಛೆ, ಹೋಯ್ತು" ಎಂದು ಪುಸ್ತಕದ ಹಾಳೆ ತಿರುವಿದ!

ಚಿಕ್ಕಪ್ಪ ಆಗಲೇ ಸೊಂಟದವರೆಗೆ ನೀರಿನಲ್ಲಿದ್ದ. ತನ್ನ ಕೋಲಿನಿಂದ ಒಮ್ಮೆ ಬೀಸಿದ, ತಪ್ಪಿತು. ಮತ್ತೆ ಬೀಸಿದ. ಅವನ ಗಾಳ ಆ ಹರಿದ ದಾರವನ್ನೇ ಕೊಕ್ಕೆ ಹಾಕಿ ಹಿಡಿಯಿತು. ಮೆಲ್ಲಗೆ ಎಳೆದುಕೊಂಡು, ಬಾಯಿಂದ ಗಾಳ ಬಿಡಿಸಿ, ಮೀನು ತಾನಾಗಿ ಈಜಿ ಹೋಗುವವರೆಗೂ ಅದರ ಮುಖವನ್ನು ಪ್ರವಾಹಕ್ಕೆ ಹಿಡಿದುಕೊಂಡು ನಿಂತ. ನನ್ನ ಕಣ್ಣು ತುಂಬಿತು.

ಫುಲ್ವಿಯೊ ಬರೆಯುತ್ತಿದ್ದ. "ಚೀಟಿ ಇಲ್ಲದೆ ಮಡುವಿನಲ್ಲಿ ಗಾಳ ಹಾಕಿದ್ದೀರಿ. ಎರಡು ವರ್ಷ ನಿಷೇಧ. ನಿಯಮ ಅಂದ್ರೆ ನಿಯಮ, ಬೇಜಾರು ಮಾಡ್ಕೋಬೇಡಿ." ಆಮೇಲೆ ಕೈ ಚಾಚಿದ. "ಆ ಮೂರು ನೊಣ ನನ್ನವು."

ಚಿಕ್ಕಪ್ಪ ಕೊಡುವುದಕ್ಕೂ ಹೊರಟಿದ್ದ. ನಾನು ಕಿತ್ತುಕೊಂಡೆ. "ಮೀನಿನ ಬಾಯಲ್ಲೇ ಬಿಟ್ಟು ಪುಸ್ತಕ ನೋಡ್ತಾ ನಿಂತ್ರಲ್ಲ, ಆಗ ನಿಮ್ಮವಾಗಿರಲಿಲ್ವಾ? ಇನ್ಮೇಲೆ ನೊಣಾನೂ ಪುಸ್ತಕ ನೋಡ್ಕೊಂಡೇ ಕಟ್ಕೊಳ್ಳಿ, ಹೋಗಿ!"

ಮನೆಯ ದಾರಿಯಲ್ಲಿ ಚಿಕ್ಕಪ್ಪ ಸೇತುವೆಯ ಮೇಲೆ ನಿಂತು ಮಡುವನ್ನು ನೋಡಿದ.

"ತಪ್ಪು ನಂದೇ ಕಣೆ ಇಲ್ದಾ. ಗಂಡು ಕುದುರೆ ಕೂದಲೇ ಬೇಕು ಅಂತ ಅವನಿಗೆ ಹೇಳ್ಕೊಡೋದೇ ಮರೆತಿದ್ನೇನೋ."

ಮರೆತಿರಲಿಲ್ಲ. ಮೊದಲ ದಿನದ ಮೊದಲ ಮಾತೇ ಅದು. ನಾನು ಪಕ್ಕದಲ್ಲೇ ಪೊಲೆಂಟಾ ತಿರುವುತ್ತಿದ್ದೆ. ಇಂಥ ಹಳ್ಳಿ ಮಾತನ್ನೆಲ್ಲ ಬರೆದುಕೊಳ್ಳಬೇಕಾಗಿಲ್ಲ ಎಂದು ಫುಲ್ವಿಯೊ ಪೆನ್ನು ಕೆಳಗಿಟ್ಟಿದ್ದ.