ದೊಡ್ಡ ಬಂಗಲೆಯ ಬಾವುಟದ ಕಂಬ

ನಾನು ಒಂದು ಸಾಗವಾನಿ ಕಂಬ. ಈಗ ಕುದುರೆಲಾಯದ ಹಿಂದೆ, ಒಡೆದ ಹಂಚುಗಳ ಪಕ್ಕದಲ್ಲಿ ಬಿದ್ದುಕೊಂಡಿದ್ದೇನೆ. ಬುಡದಿಂದ ಗೆದ್ದಲು ತಿನ್ನುತ್ತ ಬರುತ್ತಿದೆ. ನನ್ನ ಮೈಯ ನಡುವೆ ಒಂದು ಗಾಯದ ಗುರುತಿದೆ. ಗೆದ್ದಲು ಅಲ್ಲಿಗೆ ತಲುಪುವ ಮೊದಲು ಅದರ ಕಥೆಯನ್ನು ಯಾರ ಕಿವಿಗಾದರೂ ಹಾಕಬೇಕು ಎಂಬ ಅವಸರ ನನ್ನದು.

ಹುಟ್ಟಿದ್ದು ಘಟ್ಟದ ಕಾಡಿನಲ್ಲಿ. ನೆಟ್ಟಗೆ ಬೆಳೆದದ್ದೇ ನನಗೆ ಮುಳುವಾಯಿತು. ಸೊಟ್ಟಗಿದ್ದ ಮರಗಳನ್ನೆಲ್ಲ ಬಿಟ್ಟು, ಕಂಪನಿ ಸರಕಾರದವರು ನನ್ನ ಮೈಗೆ ಸುಣ್ಣದ ಗೆರೆ ಎಳೆದು ಹೋದರು. ಕಡಿದರು, ಎತ್ತಿನ ಬಂಡಿಗಳನ್ನು ಒಂದರ ಹಿಂದೊಂದು ಕಟ್ಟಿ ಮಲಗಿಸಿದರು, ಬಯಲುಸೀಮೆಗೆ ಎಳೆದು ತಂದರು. ಕರಿಗುಡ್ಡದ ದಂಡುಪ್ರದೇಶದಲ್ಲಿ, ಗುಡ್ಡದ ನೆತ್ತಿಯ ಮೇಲೆ, ಆಗಷ್ಟೇ ದೊಡ್ಡ ಬಂಗಲೆ ಕಟ್ಟಿ ಮುಗಿದಿತ್ತು. ಬಡಗಿಗಳು ನನ್ನನ್ನು ಹೆರೆದು, ಎಣ್ಣೆ ಕುಡಿಸಿ, ಹತ್ತಿ ಇಳಿಯಲು ಮೈಗೆ ಕಬ್ಬಿಣದ ಗೂಟ ಬಡಿದು ಅದರ ಮಾಳಿಗೆಯ ಮೇಲೆ ನಿಲ್ಲಿಸಿದರು. ಕಾಡಿನಲ್ಲಿ ನನ್ನ ಮೇಲೆ ಹಕ್ಕಿಗಳು ಕೂರುತ್ತಿದ್ದವು. ಇಲ್ಲಿ ಕಾವಲುಗಾರ ಹಕ್ಕಿಗಳನ್ನೂ ಓಡಿಸುತ್ತಿದ್ದ.

ಮಾಳಿಗೆಯ ಮೇಲಿಂದ ನನಗೆ ಕಾಣುತ್ತಿದ್ದದ್ದು ಬರೀ ತಲೆಗಳು. ಹ್ಯಾಟು, ಪಟಕಾ, ಬೋಳುತಲೆ. ದೊರೆಗಳು ಬದಲಾದರೂ ನನಗೆ ಅವರ ಮುಖ ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ನಿಯಮ: ದೊರೆ ಬಂಗಲೆಯೊಳಗೆ ಕಾಲಿಟ್ಟೊಡನೆ ಬಾವುಟ ಏರಬೇಕು, ಹೊರಟೊಡನೆ ಇಳಿಯಬೇಕು. ಕೆಳಗಿನ ಊರಿಗೆಲ್ಲ ಅದೇ ಸುದ್ದಿ. ಬಾವುಟ ಕಂಡರೆ ಪೊಲೀಸರು ಗುಂಡಿ ಹಾಕಿಕೊಳ್ಳುತ್ತಿದ್ದರು, ಅಂಗಡಿಯವರು ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದರು.

ಬಾವುಟದ ಕೆಲಸ ಒಂದೇ ಮನೆತನಕ್ಕೆ ಸೇರಿತ್ತು. ಅವರಲ್ಲಿ ಕೊನೆಯವರು ದುರ್ಗಪ್ಪ, ಅವನ ನಂತರ ಮಗ ಫಕೀರಪ್ಪ. ವಿಲಾಯತಿಯ ರಾಜ ಸತ್ತಾಗ ಬಾವುಟವನ್ನು ಅರ್ಧಕ್ಕೆ ನಿಲ್ಲಿಸುವ ಕ್ರಮವನ್ನು ದುರ್ಗಪ್ಪ ಮಗನಿಗೆ ಹೇಳಿಕೊಟ್ಟ. ನೇರವಾಗಿ ಅರ್ಧಕ್ಕೆ ಕಟ್ಟಬಾರದು. ಮೊದಲು ನೆತ್ತಿ ಮುಟ್ಟಿಸಬೇಕು, ಅಲ್ಲಿ ಒಂದು ಗಳಿಗೆ ನಿಲ್ಲಿಸಬೇಕು, ಆಮೇಲೆ ಮೆಲ್ಲಗೆ ಇಳಿಸಬೇಕು. ಸತ್ತವನಿಗೆ ಮೊದಲು ಪೂರ್ತಿ ಮರ್ಯಾದೆ, ಆಮೇಲೆ ದುಃಖ. ಫಕೀರಪ್ಪ ಅದನ್ನು ಒಂದು ಪೂಜೆಯಷ್ಟು ನಿಷ್ಠೆಯಿಂದ ಕಲಿತ.

ಸ್ವಾತಂತ್ರ್ಯ ಬಂತು. ಹಳೆಯ ಬಾವುಟ ಇಳಿದು ಹೊಸದು ಏರಿದ ದಿನ ಬಂಗಲೆಯ ಆಳುಗಳೆಲ್ಲ ಅತ್ತರು, ನಕ್ಕರು. ನಾನೂ ಸ್ವಲ್ಪ ಉಬ್ಬಿದೆ ಅನ್ನಿ. ಬಂಗಲೆ ರಾಷ್ಟ್ರಪತಿಗಳ ತಂಗುಮನೆಯಾಯಿತು. ಚಳಿಗಾಲದಲ್ಲಿ ಅವರು ಬಂದು ಕೆಲವು ದಿನ ಇದ್ದು ಹೋಗುವರು. ಉಳಿದ ಕಾಲವೆಲ್ಲ ಖಾಲಿ ಮನೆಯನ್ನು ಒರೆಸುವುದು, ಯಾರೂ ಮಲಗದ ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ಆಳುಗಳ ಕೆಲಸ. ನಿಯಮ ಮಾತ್ರ ಹಳೆಯದೇ: ಅವರು ಇದ್ದರೆ ಬಾವುಟ, ಇಲ್ಲದಿದ್ದರೆ ನಾನು ಬೋಳು.

ಒಂದು ಸಲ ರಾಷ್ಟ್ರಪತಿಗಳು ಮುಂಚಿತವಾಗಿ ಸುದ್ದಿ ಕೊಡದೆ ಬಂದುಬಿಟ್ಟರು. ಫಕೀರಪ್ಪ ಓಡಿಬಂದು ಬಾವುಟ ಏರಿಸಿದ. ಅದು ಹಾರಿದೊಡನೆ ಊರ ದವಾಖಾನೆಯ ಗಾಡಿ ಡಾಕ್ಟರ ಸಮೇತ ಬಂಗಲೆಯ ಮುಂದೆ ಬಂದು ನಿಲ್ಲಬೇಕಿತ್ತು. ಆದರೆ ಅವತ್ತು ಮೇಲೆ ನೋಡಿದವರಿಲ್ಲ. ರಾಷ್ಟ್ರಪತಿಗಳು ಒಂದು ಮಾತೂ ಆಡಲಿಲ್ಲವಂತೆ. ಆದರೂ ಕಲೆಕ್ಟರ ಕಚೇರಿ ಹೆದರಿಕೊಂಡು ಆ ಡಾಕ್ಟರನ್ನು ನೀರಿಲ್ಲದ ಊರಿಗೆ ಎತ್ತಿಹಾಕಿತು. ಅವತ್ತಿನಿಂದ ದವಾಖಾನೆಯ ಮಾಳಿಗೆಯ ಮೇಲೆ ನನ್ನನ್ನು ನೋಡುತ್ತ ಕೂರುವುದಕ್ಕೇ ಒಬ್ಬ ಜವಾನ ಬಂದ.

ಫಕೀರಪ್ಪನಿಗೆ ಹೆಂಡತಿ ಇರಲಿಲ್ಲ, ಒಬ್ಬಳೇ ಮಗಳು ಶಾವಂತ್ರಿ. ಬಂಗಲೆಯ ಹಿಂದೆ, ಆಳುಗಳ ಸಾಲುಮನೆಯಲ್ಲಿ ಅವರ ವಾಸ. ಅವಳು ಸಣ್ಣವಳಿದ್ದಾಗ ಅಪ್ಪನ ಜೊತೆ ಮಾಳಿಗೆಗೆ ಬಂದು ನನ್ನನ್ನು ಅಪ್ಪಿಕೊಂಡು ಗಿರಗಿರ ಸುತ್ತುತ್ತಿದ್ದಳು. ಅಲ್ಲಿಯತನಕ ನನ್ನನ್ನು ಅಪ್ಪಿಕೊಂಡದ್ದು ಅವಳೊಬ್ಬಳೇ. ಒಮ್ಮೆ ನಿಂತು ಕೇಳಿದಳು.

"ಅಪ್ಪಾ, ನಾವೂ ಮನ್ಯಾಗ ಅದೀವಲ್ಲ. ನಮಗ್ಯಾಕ ಬಾವುಟ ಏರ್ಸಾಂಗಿಲ್ಲ?"

ಫಕೀರಪ್ಪ ಹಗ್ಗ ಸುತ್ತುತ್ತ ನಕ್ಕ. "ನಾವು ದಿನಾ ಇರ್ತೀವಲ್ಲವ್ವಾ, ಅದಕ್ಕ."

ಅವಳು ದೊಡ್ಡವಳಾದಳು, ಮದುವೆಯಾಗಿ ಬೇರೆ ಊರಿಗೆ ಹೋದಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಿರುಬೇಸಿಗೆ. ಆ ದಿನ ಬೆಳಗಿನಿಂದ ಸಾಲುಮನೆಯಿಂದ ಅವಳ ನರಳಾಟ ಕೇಳುತ್ತಿತ್ತು. ಬಿಸಿಲೇರಿದ ಮೇಲೆ ಸೂಲಗಿತ್ತಿ ಹುಸೇನಬಿ ಅಂಗಳಕ್ಕೆ ಬಂದು ಫಕೀರಪ್ಪನ ಮುಂದೆ ನಿಂತಳು.

"ಕೂಸು ಅಡ್ಡ ಬಿದ್ದೈತಿ ಫಕೀರಣ್ಣಾ. ನನ್ನ ಕೈಲೆ ಆಗಾಂಗಿಲ್ಲ. ದವಾಖಾನಿ ಗಾಡಿ ತರಸು. ಬಂಡ್ಯಾಗ ಹಾಕಿದ್ರ ಗುಡ್ಡ ಇಳಿಯೂದ್ರಾಗ ಜೀವ ಹೋಗ್ತೈತಿ."

ಅವನು ಗುಡ್ಡ ಇಳಿದು ಓಡಿದ್ದನ್ನು ಕಂಡೆ. ಬರಿಗೈಯಲ್ಲಿ ಏದುಸಿರು ಬಿಡುತ್ತ ಬಂದದ್ದನ್ನೂ ಕಂಡೆ. ಗಾಡಿ ದವಾಖಾನೆಯ ಮುಂದೆಯೇ ನಿಂತಿತ್ತಂತೆ. ಅದು ಬಂಗಲೆಗೆಂದು ಕಾದಿರಿಸಿದ್ದು, ಆಳುಗಳಿಗೆ ಬೇಕಾದರೆ ಬಂಗಲೆಯ ಮೇಲ್ವಿಚಾರಕರು ಹೇಳಿಕಳಿಸಲಿ ಎಂದರಂತೆ. ಮೇಲ್ವಿಚಾರಕ ಗುಂಡೇರಾಯರು ಊರೊಳಗೆ ಯಾರದೋ ಮನೆಯ ಊಟಕ್ಕೆ ಹೋಗಿದ್ದರು, ಯಾರ ಮನೆಯೆಂದು ಯಾರಿಗೂ ಗೊತ್ತಿರಲಿಲ್ಲ. ಒಳಗೆ ಶಾವಂತ್ರಿ ಒಮ್ಮೆ ಜೋರಾಗಿ ಕೂಗಿ ಸುಮ್ಮನಾದಳು. ಫಕೀರಪ್ಪ ಅಂಗಳದಲ್ಲಿ ನಿಂತು, ತಲೆಯೆತ್ತಿ, ನನ್ನನ್ನು ನೋಡಿದ. ನನ್ನ ಆಯುಷ್ಯದಲ್ಲಿ ಅಂಗಳದಿಂದ ನೆಟ್ಟಗೆ ನನ್ನತ್ತ ಎತ್ತಿದ ಮುಖ ಅದೊಂದೇ. ಅದನ್ನು ಮರೆಯಲು ನನ್ನಿಂದ ಆಗಿಲ್ಲ.

ಅವನು ಮಾಳಿಗೆಗೆ ಬಂದ. ಬಾವುಟದ ಪೆಟ್ಟಿಗೆ ತೆಗೆದ. ಬಾವುಟ ಏರಿಸಿದ.

ಗಾಡಿ ಬಂತು. ಅಬ್ಬಾ, ಎಷ್ಟು ಬೇಗ ಬಂತು! ಗುಡ್ಡದ ದಾರಿಯಲ್ಲಿ ಧೂಳೆಬ್ಬಿಸಿಕೊಂಡು, ಡಾಕ್ಟರು, ನರ್ಸಮ್ಮ, ಔಷಧಿ ಪೆಟ್ಟಿಗೆ, ಎಲ್ಲ ಬಂತು. ಅದರ ಹಿಂದೆ ಪೊಲೀಸ್ ಜೀಪು. ಅದರ ಹಿಂದೆ ಕಲೆಕ್ಟರ ಕಾರು. ಕೊನೆಗೆ ಟಾಂಗಾದಲ್ಲಿ ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡ ಗುಂಡೇರಾಯರು. ಎಲ್ಲರೂ ಮುಂಬಾಗಿಲಲ್ಲಿ ಸಾಲಾಗಿ ನಿಂತರು. ನಿಂತೇ ನಿಂತರು.

ರಾಷ್ಟ್ರಪತಿಗಳು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದರೆ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ. ಕಲೆಕ್ಟರು ಗುಂಡೇರಾಯರಿಗೆ ಗೊತ್ತಿದೆ ಅಂದುಕೊಂಡರು, ಗುಂಡೇರಾಯರು ಕಲೆಕ್ಟರಿಗೆ ಗೊತ್ತಿದೆ ಅಂದುಕೊಂಡರು. ಅಡುಗೆಯವರು ಆಮೇಲೆ ಆಡಿಕೊಂಡರು: ಗುಂಡೇರಾಯರು ಮಲಗುವ ಕೋಣೆಯ ತನಕ ಹೋಗಿ, ಹಿಂದೆ ತಾವೇ ಮುಚ್ಚಿಸಿದ್ದ ಬಾಗಿಲು ಮುಚ್ಚಿರುವುದನ್ನು ಕಂಡು, ಸಾಹೇಬರು ವಿಶ್ರಾಂತಿಯಲ್ಲಿದ್ದಾರೆಂದು ತುದಿಗಾಲಲ್ಲಿ ವಾಪಸು ಬಂದರಂತೆ. ಒಲೆಯ ಮೇಲೆ ಚಹಾಕ್ಕೆ ನೀರೂ ಇಡಿಸಿದರಂತೆ. ಮುಂದೆ ಇಷ್ಟೆಲ್ಲ ಮರ್ಯಾದೆ ನಡೆದಿರುವಾಗ ಹಿಂದೆ ಅವಳು ಸಾಯುತ್ತಿದ್ದಳು. ಮಾಳಿಗೆಯ ಮೇಲಿನ ನನಗೆ ಎರಡೂ ಕಡೆ ಕಾಣುತ್ತಿತ್ತು. ಕಂಬಕ್ಕೆ ಬಾಯಿಲ್ಲ.

ಫಕೀರಪ್ಪ ಕೆಳಗೆ ಹೋಗಿ ಡಾಕ್ಟರ ಕಾಲು ಹಿಡಿದ. ಡಾಕ್ಟರು ಕೆಟ್ಟವರಲ್ಲ. ತುಟಿ ಅಲುಗಿಸದೆ ಹೇಳಿದರು.

"ಸ್ವಲ್ಪ ತಡಿಯಪ್ಪಾ. ಸಾಹೇಬ್ರು ಒಳಗದಾರ. ಅವರು ಹೊರಗ ಬರೂತನಕ ನಾ ಅಲುಗಾಡೂ ಹಂಗಿಲ್ಲ. ಹಿಂದಿನ ಡಾಕ್ಟರದು ಏನಾತು ನಿನಗೂ ಗೊತ್ತದಲ್ಲ."

ಫಕೀರಪ್ಪ ಒದ್ದಾಡಿದ. ನಿಜ ಹೇಳಿದರೆ ಗಾಡಿ ವಾಪಸು ಹೋದೀತು, ಹೇಳದಿದ್ದರೆ ಅದು ಇಲ್ಲಿಂದ ಕದಲದು. ಮತ್ತೆ ಮತ್ತೆ ಬೇಡಿದ, ನರ್ಸಮ್ಮನಿಗೂ ಕೈಮುಗಿದ. ಕಡೆಗೆ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ.

"ಒಳಗ ಯಾರೂ ಇಲ್ರೀ ಯಪ್ಪಾ. ಬಾವುಟ ನಾನ ಏರಿಸೇನಿ. ನನ್ನ ಮಗಳ ಸಲುವಾಗಿ ಏರಿಸೇನಿ."

ಸಾಲು ಕದಡಿತು. ಕಲೆಕ್ಟರ ಬಾಯಿಂದ ಬಂದ ಮೊದಲ ಮಾತು ಬಾವುಟ ಇಳಿಸಿ ಎಂಬುದು. ಡಾಕ್ಟರು ಮಾತ್ರ ಯಾರನ್ನೂ ಕೇಳದೆ ಪೆಟ್ಟಿಗೆ ಎತ್ತಿಕೊಂಡು ಹಿತ್ತಲಿಗೆ ಓಡಿದರು. ಸಾಲುಮನೆಯ ಬಾಗಿಲಲ್ಲಿ ಹುಸೇನಬಿ ಕೂತಿದ್ದಳು. ಅವಳು ಎದ್ದು ದಾರಿ ಬಿಡಲಿಲ್ಲ.

"ಇನ್ಯಾಕ ಬಂದ್ರಿ," ಅಂದಳು. "ತಾಯೀನೂ ಇಲ್ಲ, ಕೂಸೂ ಇಲ್ಲ."

ಫಕೀರಪ್ಪ ಅಳಲಿಲ್ಲ. ಒಳಗೂ ಹೋಗಲಿಲ್ಲ. ಬಾವುಟ ಇಳಿಸಿ ಬರುತ್ತೇನೆ ಎಂದು ಗುಂಡೇರಾಯರಿಗೆ ಹೇಳಿ ಮೆಟ್ಟಿಲು ಹತ್ತಿ ಬಂದ. ಹಗ್ಗ ಬಿಚ್ಚಿದ. ಬಾವುಟವನ್ನು ಒಂದು ಗೇಣು ಇಳಿಸಿ ಮತ್ತೆ ಮೇಲೆಳೆದು ನನ್ನ ನೆತ್ತಿ ಮುಟ್ಟಿಸಿದ. ಒಂದು ಗಳಿಗೆ ನಿಲ್ಲಿಸಿದ. ಆಮೇಲೆ ಮೆಲ್ಲಗೆ, ಅಪ್ಪ ಕಲಿಸಿದ ಹಾಗೆಯೇ, ಅರ್ಧಕ್ಕೆ ಇಳಿಸಿದ. ಗೂಟ ಹಿಡಿದು ಹತ್ತಿ, ಹಗ್ಗವನ್ನು ನನ್ನ ನಡುವಿಗೆ ಸುತ್ತಿ ಸುತ್ತಿ ಬಿಗಿದು ಗಂಟು ಹಾಕಿದ. ಕೆಳಗಿನಿಂದ ಎಳೆದರೆ ಬರದಂತೆ. ಆಮೇಲೆ ನನ್ನನ್ನು ಅಪ್ಪಿಕೊಂಡು ಅಲ್ಲೇ ನೇತುಬಿದ್ದ. ಅವನ ಎದೆ ನನ್ನ ಮೈಗೆ ಬಡಿಯುತ್ತಿತ್ತು.

ಕೆಳಗಿನ ಊರು ಅದನ್ನು ನೋಡಿತು. ರಾಷ್ಟ್ರಪತಿಗಳೇ ತೀರಿಹೋದರೆಂದು ಅಂದುಕೊಂಡಿತು. ಅಂಗಡಿಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಶಾಲೆ ಬಿಟ್ಟಿತು. ಕೋರ್ಟು ಎದ್ದಿತು. ದಂಡಿನ ಚರ್ಚಿನಲ್ಲಿ ಗಂಟೆ ಹೊಡೆಯತೊಡಗಿತು. ಸಂತೆಗೆ ಬಂದ ಮುದುಕರು ಪಟಕಾ ತೆಗೆದು ಕೈಯಲ್ಲಿ ಹಿಡಿದು, ಬಿಸಿಲಲ್ಲಿ ಗುಡ್ಡದ ಕಡೆ ಮುಖಮಾಡಿ ನಿಂತರು. ಯಾರಿಗೆಂದು ತಿಳಿಯದೆಯೇ ಕರಿಗುಡ್ಡವೆಲ್ಲ ಶಾವಂತ್ರಿಗಾಗಿ ತಲೆ ಬಾಗಿಸಿತು.

ಅದು ಉಳಿದದ್ದು ಸ್ವಲ್ಪ ಹೊತ್ತು ಮಾತ್ರ. ಪೊಲೀಸನೊಬ್ಬ ಹತ್ತಿ ಬಂದು ಗಂಟು ಬಿಚ್ಚಲಾರದೆ ಚಾಕುವಿನಿಂದ ಕೊಯ್ದ. ಹಗ್ಗದ ಜೊತೆ ನನ್ನನ್ನೂ ಕೊಯ್ದ. ಸಂಜೆಯ ಹೊತ್ತಿಗೆ ನಿಜ ತಿಳಿದ ಊರು, ಆಳಿನ ಮಗಳಿಗೆ ಅಂಗಡಿ ಮುಚ್ಚಿದೆವಲ್ಲ ಎಂದು ಸಿಟ್ಟಾಯಿತು. ಫಕೀರಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಮಗಳ ಮಣ್ಣಿಗಾದರೂ ಬಿಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಮತ್ತೆ ಮಾಳಿಗೆಗೆ ಬರಲಿಲ್ಲ.

ಆ ವರುಷವೇ ನನ್ನನ್ನು ಕಿತ್ತು ಇಲ್ಲಿ ಎಸೆದು, ಕೆಳಗಿನಿಂದಲೇ ಬೀಗ ಹಾಕುವಂಥ ಉಕ್ಕಿನ ಕಂಬ ನಿಲ್ಲಿಸಿದರು. ಬರಬರುತ್ತ ರಾಷ್ಟ್ರಪತಿಗಳ ಬರುವಿಕೆಯೂ ನಿಂತಿತು. ಈಗ ಬಂಗಲೆ ನೋಡಲು ಟಿಕೇಟಿದೆ. ದಾರಿ ತೋರಿಸುವವನು ಮಕ್ಕಳ ಗುಂಪನ್ನು ಕರೆತಂದು, ಯಾವ ದೊರೆ ಯಾವ ಹಾಸಿಗೆಯ ಮೇಲೆ ಮಲಗಿದ್ದ, ಯಾರು ಸತ್ತಾಗ ಇಲ್ಲಿ ಬಾವುಟ ಅರ್ಧಕ್ಕೆ ಇಳಿದಿತ್ತು ಎಂದೆಲ್ಲ ಗಟ್ಟಿಯಾಗಿ ಹೇಳುತ್ತಾನೆ. ಲಾಯದ ಗೋಡೆ ದಾಟಿ ಎಲ್ಲವೂ ನನಗೆ ಕೇಳುತ್ತದೆ. ರಾಜನ ಹೆಸರು ಬರುತ್ತದೆ, ಲಾಟಸಾಹೇಬರ ಹೆಸರು ಬರುತ್ತದೆ. ಪ್ರತಿ ಸಲವೂ ಕಿವಿಗೊಟ್ಟು ಕಾಯುತ್ತೇನೆ. ಅವಳ ಹೆಸರು ಬರುವುದಿಲ್ಲ.

ಅವಳು ಇದ್ದಳು ಎಂಬುದಕ್ಕೆ ಈ ಬಂಗಲೆಯಲ್ಲಿ ಉಳಿದಿರುವುದು ನನ್ನ ನಡುವಿನ ಹಗ್ಗದ ಗುರುತು, ಅದರ ಮೇಲಿನ ಚಾಕುವಿನ ಗೆರೆ, ಅಷ್ಟೇ. ನಿನ್ನೆ ಗೆದ್ದಲು ಆ ಗುರುತಿನ ಕೆಳಗಿನ ಗೂಟ ದಾಟಿತು. ಇನ್ನು ಒಂದು ಗೇಣು ಉಳಿದಿದೆ. ನೀವು ಇಷ್ಟು ಹೊತ್ತು ಕೂತು ಕೇಳಿದಿರಲ್ಲ, ಹೋಗುವಾಗ ಒಂದು ಉಪಕಾರ ಮಾಡಿ. ಶಾವಂತ್ರಿ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ.