ಸರ್, ನೀವು ತಗೊಳ್ಳಿ

ಆ ಭಾನುವಾರ ನಮ್ಮ ಟೀಮಿನ ಮೇಲೆ ಕೊನೆಯ ಗೋಲು ಬಿದ್ದದ್ದು ಹೇಗೆಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅದಕ್ಕೆ ಒಬ್ಬೊಬ್ಬರು ಒಂದೊಂದು ಬಣ್ಣ ಬಳಿದರು. ನಾನು ಕಂಡದ್ದು ಇಷ್ಟು.

ಅಮೆರಿಕದ ಸನ್ನಿವೇಲ್‌ನ ಶಾಲೆಯೊಂದರ ಮೈದಾನ. ಚೆಂಡು ನಮ್ಮ ಗೋಲಿನ ಮುಂದೆ, ಯಾರ ಕಾಲಿಗೂ ಸೇರದೆ, ಸುಮ್ಮನೆ ಪುಟಿಯುತ್ತಿತ್ತು. ಒಂದು ಪಕ್ಕದಲ್ಲಿ ನಮ್ಮ ಟೀಮಿನ ಶಿವಪ್ರಕಾಶ್ ಇದ್ದ, ಇನ್ನೊಂದು ಪಕ್ಕದಲ್ಲಿ ಬಸವಂತಪ್ಪನವರು. ಇಬ್ಬರಲ್ಲಿ ಯಾರು ಕಾಲು ಚಾಚಿದ್ದರೂ ಚೆಂಡು ಆಚೆ ಹೋಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಕ್ಯಾಪ್ಟನ್ ಶೇಷಾದ್ರಿಯವರು ನಿಧಾನವಾಗಿ ಅತ್ತ ಬರುತ್ತಿದ್ದರು. ಅವರನ್ನು ಕಂಡದ್ದೇ ಇಬ್ಬರೂ ನಿಂತುಬಿಟ್ಟರು.

"ಸರ್, ನೀವು ತಗೊಳ್ಳಿ," ಎಂದ ಶಿವಪ್ರಕಾಶ್.

ಬಸವಂತಪ್ಪನವರು ಮದುವೆಯ ಊಟದ ಪಂಕ್ತಿಯಲ್ಲಿ ಹಿರಿಯರಿಗೆ ಜಾಗ ಬಿಡುವ ಹಾಗೆ ಹಿಂದೆ ಸರಿದು ದಾರಿ ಬಿಟ್ಟರು. ಎದುರು ಟೀಮಿನವನಿಗೆ ಈ ಮರ್ಯಾದೆಯೆಲ್ಲ ಗೊತ್ತಿರಲಿಲ್ಲ. ನಡುವೆ ನುಗ್ಗಿ ಒದ್ದ. ಗೋಲಿನಲ್ಲಿದ್ದ ನನ್ನ ಗಂಡ ಕೆಂಪರಾಜು ಮೈಯನ್ನೆಲ್ಲ ನೆಲಕ್ಕೆ ಎಸೆದು ಕೈ ಚಾಚಿದರು. ಅವರು ತಲೆಯೆತ್ತುವಾಗ ಚೆಂಡು ಬಲೆಯೊಳಗಿತ್ತು.

"ಏನ್ರೀ ಕೆಂಪರಾಜು, ಇಷ್ಟು ಈಸಿ ಬಾಲು," ಎಂದು ಶೇಷಾದ್ರಿಯವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

ಶಿವಪ್ರಕಾಶ್ ನೆಲ ನೋಡಿದ. ಬಸವಂತಪ್ಪನವರು ಶೂ ಲೇಸು ಕಟ್ಟಿಕೊಳ್ಳತೊಡಗಿದರು. ಅದು ಬಿಚ್ಚಿರಲೇ ಇಲ್ಲ.

ಆ ವರ್ಷ ನಮ್ಮವರು ಒಂದು ಮ್ಯಾಚನ್ನೂ ಗೆದ್ದಿರಲಿಲ್ಲ. ಟೀಮು ಶೇಷಾದ್ರಿಯವರದು, ಆಟಗಾರರೂ ಅವರವರೇ. ಇಂಜಿನಿಯರುಗಳನ್ನು ಬೆಂಗಳೂರಿನಿಂದ ಕರೆಸಿಕೊಂಡು ಇಲ್ಲಿನ ದೊಡ್ಡ ಕಂಪನಿಗಳಿಗೆ ಕೆಲಸಕ್ಕೆ ಒದಗಿಸುವ ಕನ್ಸಲ್ಟಿಂಗ್ ಸಂಸ್ಥೆ ಅವರದು. ಎಲ್ಲರ ವೀಸಾ ಅವರ ಹೆಸರಿನಲ್ಲಿ, ಇಲ್ಲೇ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಎಲ್ಲರ ಅರ್ಜಿ ಅವರ ಸಹಿಯಲ್ಲಿ. ಅವರು ಬೇಡವೆಂದರೆ ಮನೆ ಖಾಲಿ ಮಾಡಿ ವಿಮಾನ ಹತ್ತಬೇಕು. ಅದೂ ಎಂಥ ಕಾಲ! ಹಿಂದಿನ ವರ್ಷ ಸೈನಿಂಗ್ ಬೋನಸ್ಸು, ಸ್ಟಾಕು ಎಂದು ಕುಣಿಯುತ್ತಿದ್ದ ಕಂಪನಿಗಳು ಈಗ ಬಾಗಿಲು ಹಾಕಿ ಕುರ್ಚಿ ಮೇಜುಗಳನ್ನು ಪಾರ್ಕಿಂಗ್ ಲಾಟಿನಲ್ಲಿಟ್ಟು ಮಾರುತ್ತಿದ್ದವು. ಶೇಷಾದ್ರಿಯವರು ಭಾನುವಾರ ಬೆಳಿಗ್ಗೆ ಆಟಕ್ಕೆ ಬನ್ನಿ ಎಂದರೆ ಜ್ವರ ಬಂದವರೂ ಬರುತ್ತಿದ್ದರು.

ಆಟದ ನಿಯಮಗಳು ನನಗೆ ಈಗಲೂ ಪೂರ್ತಿ ತಿಳಿಯವು. ನಮ್ಮ ತಂದೆ ಹಾಸನದ ನಮ್ಮ ಬೀದಿಯ ಗುಡಿಯಲ್ಲಿ ಸಂಜೆ ಕಾವ್ಯ ಓದುತ್ತಿದ್ದರು. ನಾನು ಕಂಬಕ್ಕೊರಗಿ ಕೇಳುತ್ತ ಬೆಳೆದವಳು. ಪದ್ಯದ ಅರ್ಥ ತಿಳಿಯದ ವಯಸ್ಸಿನಲ್ಲೂ ಓದುವವರ ಉಸಿರು ಎಲ್ಲಿ ತಪ್ಪಿತೆಂದು ತಿಳಿಯುತ್ತಿತ್ತು. ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಾಗಲೂ ನನ್ನ ಗಮನ ಕಿವಿಗೇ ಹೋಗುತ್ತಿತ್ತು. ಬೇರೆ ಟೀಮಿನವರು ಒಂದೇ ಸಮನೆ ಕೂಗಾಡುತ್ತಿದ್ದರು. ಇತ್ತ ಕೊಡು, ಹಿಂದೆ ನೋಡು, ಬಿಡು, ಓಡು. ಹೆಸರು ಹಿಡಿದು ಬೈಯುತ್ತಿದ್ದರು, ಮರುಕ್ಷಣ ಬೆನ್ನು ತಟ್ಟುತ್ತಿದ್ದರು. ನಮ್ಮ ಕಡೆ ಕೇಳುತ್ತಿದ್ದದ್ದು ಒಂದೇ ಗಂಟಲು. ಶೇಷಾದ್ರಿಯವರು "ಇಲ್ಲಿ, ಇಲ್ಲಿ" ಎನ್ನುವುದು, ಉಳಿದವರ ಏದುಸಿರು.

ಹಾಗೆ ನೋಡಿದರೆ ಇವರು, ನನ್ನ ಗಂಡ, ಒಮ್ಮೆ ಕೂಗಿದ್ದುಂಟು. ಮಂಡ್ಯದ ಕಾಲೇಜಿನಲ್ಲಿ ಗೋಲು ಕಾಯುತ್ತಿದ್ದ ಕಾಲದ ಅಭ್ಯಾಸ. ಸೀಸನ್ನಿನ ಶುರುವಿನಲ್ಲಿ, "ಸರ್, ಹಿಂದೆ ಬನ್ನಿ, ಅವನನ್ನ ಹಿಡೀರಿ," ಎಂದು ಗಂಟಲು ಹರಿಯುವಂತೆ ಕೂಗಿದರು. ಶೇಷಾದ್ರಿಯವರು ಹಿಂದೆ ಬರಲಿಲ್ಲ. ಮ್ಯಾಚು ಮುಗಿದ ಮೇಲೆ ನಮ್ಮ ಕಾರಿನ ಹತ್ತಿರ ಬಂದು ಇವರ ಹೆಗಲ ಮೇಲೆ ಕೈಯಿಟ್ಟರು. ನಾನು ಒಳಗೆ ಕೂತಿದ್ದೆ. ಕಿಟಕಿ ತೆರೆದಿತ್ತು.

"ಕೆಂಪರಾಜು, ತಪ್ಪು ತಿಳ್ಕೋಬೇಡಿ. ಗ್ರೌಂಡಲ್ಲಿ ಹಾಗೆ ಕಿರುಚಿ ನನಗೆ ಆರ್ಡರ್ ಮಾಡ್ಬೇಡಿ. ಹುಡುಗ್ರ ಮುಂದೆ ಚೆನ್ನಾಗಿರಲ್ಲ."

"ಸಾರಿ ಸರ್," ಎಂದರು ಇವರು. ಅಂದಿನಿಂದ ಗೋಲಿನಲ್ಲಿ ಇವರ ಬಾಯಿ ಮುಚ್ಚಿತು.

ಕೊನೆಯ ಗೋಲು ಬಿದ್ದ ಆ ಭಾನುವಾರ ಸಂಜೆ ಎಲ್ಲರೂ ಕ್ಯುಪರ್ಟಿನೋದಲ್ಲಿರುವ ಶೇಷಾದ್ರಿಯವರ ಮನೆಗೆ ಬರಬೇಕೆಂದು ಹೇಳಿಕೆಯಾಯಿತು. ಸೋಲಿಗೆ ರೂಟ್ ಕಾಸ್ ಅನಾಲಿಸಿಸ್ಸು! ಆಫೀಸಿನಲ್ಲಿ ಪ್ರೋಗ್ರಾಮು ಕೆಟ್ಟು ನಿಂತರೆ ಎಲ್ಲರೂ ಸುತ್ತ ಕೂತು, ಇದು ಯಾಕಾಯಿತು, ಅದು ಯಾಕಾಯಿತು ಎಂದು ಕೆದಕುತ್ತ ಮೂಲಕ್ಕೆ ಇಳಿಯುತ್ತಾರಂತೆ. ಅದೇ ಪದ್ಧತಿ. ದೊಡ್ಡ ಹಾಲಿನಲ್ಲಿ ಬಿಳಿ ಬೋರ್ಡು ನಿಲ್ಲಿಸಿದ್ದರು. ಎಲ್ಲರ ಕೈಯಲ್ಲೂ ಕಾಗದದ ತಟ್ಟೆ, ಅದರಲ್ಲಿ ಬಿಸಿಬೇಳೆಬಾತು. ನಾನು ಮಜ್ಜಿಗೆಯ ಜಗ್ ಹಿಡಿದು ಬಡಿಸುತ್ತಿದ್ದೆ.

"ಫ್ರೀಯಾಗಿ ಹೇಳಿ. ಇಲ್ಲಿ ಬಾಸೂ ಇಲ್ಲ, ಎಂಪ್ಲಾಯೀನೂ ಇಲ್ಲ," ಎಂದು ಶೇಷಾದ್ರಿಯವರು ಮಾರ್ಕರಿನ ಮುಚ್ಚಳ ತೆಗೆದರು.

"ಊಟದ್ದರೀ ಸರ್," ಎಂದರು ಬಸವಂತಪ್ಪನವರು. ಗದಗಿನ ಕಡೆಯವರು, ಟೀಮಿನಲ್ಲಿ ಎಲ್ಲರಿಗಿಂತ ಹಿರಿಯರು. "ನಾವು ಮೊಸರನ್ನ ಉಂಡು ಬರ್ತೀವಿ. ಅದು ಓಡೂ ಊಟ ಅಲ್ಲರೀ, ಮಲಗೂ ಊಟ."

ಎಲ್ಲರೂ ನಕ್ಕರು. 'ಡಯಟ್' ಎಂದು ಬೋರ್ಡಿನ ಮೇಲೆ ಬಂತು.

"ನಮ್ಮ ಹೈಟು ಕಡಿಮೆ ಸರ್," ಎಂದ ಒಬ್ಬ.

"ಬಿಸಿಲು ಕಣ್ಣಿಗೆ ಹೊಡೆಯತ್ತೆ," ಎಂದ ಇನ್ನೊಬ್ಬ. ಎದುರಾಳಿಗಳಿಗೂ ಅದೇ ಸೂರ್ಯ ತಾನೇ ಎಂದು ಯಾರೂ ಕೇಳಲಿಲ್ಲ.

"ಪ್ರಾಕ್ಟೀಸ್ ಸಾಲ್ದು ಸರ್. ನೀವು ಪಾಪ ಅಷ್ಟು ಬ್ಯುಸಿ ಇದ್ರೂ ಬರ್ತೀರಿ, ನಾವೇ ಸೋಮಾರಿಗಳು," ಎಂದ ಶಿವಪ್ರಕಾಶ್. ಆ ಹುಡುಗ ವಾರಕ್ಕೆ ಒಮ್ಮೆಯಾದರೂ ನಮ್ಮ ಮನೆಯಲ್ಲಿ ಉಣ್ಣುತ್ತಿದ್ದವನು. ಇವರನ್ನು ಅಣ್ಣ, ನನ್ನನ್ನು ಅತ್ತಿಗೆ ಎನ್ನುತ್ತಿದ್ದ. ಟೀಮಿನಲ್ಲಿ ಅವನಷ್ಟು ವೇಗವಾಗಿ ಓಡುವವರಿರಲಿಲ್ಲ. ಓಡಿ, ಗೋಲಿನ ಬಾಯಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ, ಇನ್ನೂ ನಡೆದುಕೊಂಡು ಬರುತ್ತಿರುವ ಶೇಷಾದ್ರಿಯವರಿಗೆ ಚೆಂಡು ಕೊಡುತ್ತಿದ್ದ.

ಬೋರ್ಡು ತುಂಬಿದ ಮೇಲೆ ಶೇಷಾದ್ರಿಯವರು ಎರಡು ಹೆಜ್ಜೆ ಹಿಂದೆ ನಿಂತು ನೋಡಿದರು. ಆಮೇಲೆ ಒಂದು ಮೂಲೆಯಲ್ಲಿ 'ಕೀಪರ್' ಎಂದು ಬರೆದು ಸುತ್ತು ಹಾಕಿದರು. ಅದರ ಕೆಳಗೆ 'ಕಮ್ಯುನಿಕೇಶನ್ ಗ್ಯಾಪ್' ಎಂದು ಬರೆದರು.

"ನೋಡಿ, ಬೇಜಾರು ಮಾಡ್ಕೋಬಾರ್ದು. ಇಡೀ ಗ್ರೌಂಡು ಕಾಣೋದು ಕೀಪರಿಗೆ. ಅವರು ಕೂಗಿ ಹೇಳ್ಬೇಕು. ನಮ್ಮ ಕೀಪರು ಬಾಯೇ ಬಿಡಲ್ಲ. ಎಲ್ಲಾ ಗೋಲೂ ಹೀಗೇ ಬಿದ್ದಿದ್ದು." ತಲೆಯಾಡಿಸಿದರು. "ಆಫೀಸಲ್ಲೂ ಹೀಗೇನೇ ಕೆಂಪರಾಜು. ಕ್ಲೈಂಟು ಕೂಡ ಅದೇ ಕಂಪ್ಲೇಂಟು ಹೇಳ್ತಿದಾರೆ. ಈ ಟೈಮಲ್ಲಿ ನಾನು ಯಾರನ್ನ ಅಂತ ಡಿಫೆಂಡ್ ಮಾಡ್ಲಿ?"

ನನ್ನ ಕಿವಿ ಬಿಸಿಯಾಯಿತು. ಬಾಯಿ ಮುಚ್ಚಿಸಿದವರೇ ಈಗ ಮೂಗನೆಂದು ಬರೆಯುತ್ತಿದ್ದಾರೆ! ಆಟದ ಸೋಲು ಹೋಗಲಿ, ಅದನ್ನು ಹಗ್ಗ ಮಾಡಿ ಇವರ ಕೆಲಸದ ಕುತ್ತಿಗೆಗೆ ಕಟ್ಟುತ್ತಿದ್ದಾರೆ. ಅಷ್ಟು ಜನರಲ್ಲಿ ಒಬ್ಬರಾದರೂ ಅಲ್ಲವೆನ್ನುತ್ತಾರೆಂದು ಕಾದೆ. ಚಮಚಗಳು ತಟ್ಟೆಗೆ ಉಜ್ಜುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮಜ್ಜಿಗೆಯ ಜಗ್ಗನ್ನು ಟೀವಿಯ ಮೇಲಿಟ್ಟೆ.

"ಸರ್, ಕೂಗಬೇಡಿ ಅಂತ ಇವರಿಗೆ ಹೇಳಿದ್ದು ನೀವೇ ಅಲ್ವಾ?"

ಶೇಷಾದ್ರಿಯವರು ತಿರುಗಿದರು. ನಗುತ್ತಲೇ ಇದ್ದರು. "ಓ, ಮಿಸೆಸ್ ಕೆಂಪರಾಜು. ನೀವೂ ಮ್ಯಾಚ್ ನೋಡ್ತೀರಾ?"

"ಕೇಳ್ತೀನಿ ಸರ್. ಬೇರೆ ಟೀಮಿನವರು ಒಬ್ಬರನ್ನೊಬ್ರು ಕರೀತಾರೆ. ನಮ್ಮವರು ಕರೆಯಲ್ಲ. ನಿಮ್ಮ ಹತ್ರ ಯಾರೂ ಚೆಂಡು ಕೇಳಲ್ಲ. ನೀವು ನಿಂತಲ್ಲೇ ನಿಂತಿದ್ರೂ ನಿಮಗೇ ಕೊಡ್ತಾರೆ. ಇವತ್ತು ಬಿದ್ದ ಗೋಲು ಹಾಗೇ ಬಿತ್ತು. ಇಬ್ಬರು ನಿಮಗೆ ದಾರಿ ಬಿಟ್ಕೊಂಡು ನಿಂತಿದ್ರು." ನಾನು ಬೋರ್ಡಿನ ಕಡೆ ಕೈ ತೋರಿಸಿದೆ. "ಇವರೆಲ್ಲರ ಗ್ರೀನ್ ಕಾರ್ಡು ನಿಮ್ಮ ಕೈಲಿದೆ. ಅದನ್ನೂ ಬೋರ್ಡ್ ಮೇಲೆ ಬರೀರಿ. ಮೊಸರನ್ನದ ಕೆಳಗೆ ಜಾಗ ಇದೆ."

ಯಾರೋ ಕೆಮ್ಮಿದರು. ಶೇಷಾದ್ರಿಯವರ ಮುಖದ ನಗು ಹೋಗಲಿಲ್ಲ, ಸ್ವಲ್ಪ ಬಿಗಿಯಿತು ಅಷ್ಟೆ.

"ಸರಿ, ಕೇಳೇಬಿಡೋಣ. ಶಿವಪ್ರಕಾಶ್, ನಿಮಗೆ ನನ್ನ ಕಂಡ್ರೆ ಭಯಾನಾ?"

"ಛೆ, ಇಲ್ಲ ಸರ್."

"ಬಸವಂತಪ್ಪ, ನೀವು ಹೇಳಿ."

"ಭಯ ಏನ್ ಬಂತ್ರೀ ಸರ್. ಗೌರವರೀ ಅದು."

ಹೀಗೆ ಒಬ್ಬೊಬ್ಬರನ್ನೂ ಕೇಳಿದರು. ಇಲ್ಲ ಸರ್. ಹಾಗೇನಿಲ್ಲ ಸರ್. ನೀವು ಅಣ್ಣನ ಹಾಗೆ ಸರ್. ಚಿಕ್ಕವಳಿದ್ದಾಗ, ತುಂಬಿದ ಸಭೆಯಲ್ಲಿ ಹಿರಿಯರೆಲ್ಲ ತಲೆ ತಗ್ಗಿಸಿ ಕೂತ ಪದ್ಯಗಳು ಬಂದಾಗಲೆಲ್ಲ ತಂದೆಯನ್ನು ಕೇಳುತ್ತಿದ್ದೆ, ಯಾಕೆ ಅಷ್ಟು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ ಎಂದು. "ಅವನ ಅನ್ನ ಉಂಡಿದ್ರು ಕಣಮ್ಮ," ಎನ್ನುತ್ತಿದ್ದರು ತಂದೆ. ಆಗ ಅದು ನನಗೆ ಉತ್ತರವೆನ್ನಿಸುತ್ತಿರಲಿಲ್ಲ. ಆ ಹಾಲಿನಲ್ಲಿ, ಕಾಗದದ ತಟ್ಟೆ ಹಿಡಿದು ಕೂತ ಇಂಜಿನಿಯರುಗಳ ನಡುವೆ ನಿಂತಾಗಲೂ ಅನ್ನಿಸಲಿಲ್ಲ. ಅನ್ನವೆಲ್ಲಿಯದು? ಹಗಲೆಲ್ಲ ದುಡಿಯುತ್ತಿದ್ದವರು ಅಲ್ಲಿ ಕೂತವರೇ. ಇವರ ದುಡಿಮೆಯಲ್ಲಿ ಪಾಲು ತೆಗೆದುಕೊಂಡು ಆ ಮನೆ ಕಟ್ಟಿಸಿದವರು ಅವರು.

ಕೊನೆಗೆ ಶೇಷಾದ್ರಿಯವರು ಇವರ ಕಡೆ ನೋಡಿದರು. "ಕೆಂಪರಾಜು, ನಿಮ್ಮ ಮನೆಯವರು ಹೇಳಿದ್ದು ನಿಜಾನಾ?"

ಇವರು ಒಂದು ಮಾತು 'ಇಲ್ಲ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಂಗಸರ ಮಾತು ಎಂದು ಎಲ್ಲರೂ ನಕ್ಕು ಪಾಯಸಕ್ಕೆ ಏಳುತ್ತಿದ್ದರು. ಇವರು ಕಾಗದದ ಕರವಸ್ತ್ರದಿಂದ ಬೆರಳು ಒರೆಸಿಕೊಂಡರು.

"ಇವರೆಲ್ಲರ ವಿಷಯ ನನಗೆ ಗೊತ್ತಿಲ್ಲ ಸರ್. ನನಗೆ ಭಯ ಇದೆ. ಅದಕ್ಕೇ ಕೂಗೋದು ಬಿಟ್ಟೆ. ಇವಳು ಹೇಳಿದ್ದು ನಿಜ."

ಶೇಷಾದ್ರಿಯವರು ಮಾರ್ಕರಿಗೆ ಮುಚ್ಚಳ ಹಾಕಿದರು. "ಪಾಯಸ ತಗೊಳ್ಳಿ ಎಲ್ಲರೂ," ಎಂದರು.

ಬುಧವಾರ ಇವರು ಮಧ್ಯಾಹ್ನವೇ ಮನೆಗೆ ಬಂದರು. ಕ್ಲೈಂಟು ಪ್ರಾಜೆಕ್ಟು ನಿಲ್ಲಿಸಿದರಂತೆ, ಸಂಸ್ಥೆಯ ಬಳಿ ಸದ್ಯಕ್ಕೆ ಬೇರೆ ಕೆಲಸವಿಲ್ಲವಂತೆ. ಅದೇ ಪ್ರಾಜೆಕ್ಟಿನಲ್ಲಿದ್ದ ಇನ್ನಿಬ್ಬರು ಮಾತ್ರ ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಆ ವಸಂತದಲ್ಲಿ ಯಾರ ಕೆಲಸ ಹೋದರೂ ಯಾಕೆಂದು ಯಾರು ಕೇಳುತ್ತಿದ್ದರು? ಕಾಲವೇ ಹಾಗಿದೆ ಎಂದರೆ ಮುಗಿಯಿತು. ಅಂಥ ಕಾಲ ಬಂದರೆ ಅಂಥವರಿಗೆ ಎಷ್ಟು ಅನುಕೂಲ! ಶನಿವಾರ ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ಟೀಮಿನವರೊಬ್ಬರ ಹೆಂಡತಿ ನನ್ನನ್ನು ಕಂಡದ್ದೇ ಅಕ್ಕಿ ಮೂಟೆಗಳ ಕಡೆ ತಿರುಗಿ, ಬಹಳ ಹೊತ್ತು ಅದೇ ಅಕ್ಕಿಯ ಹೆಸರು ಓದುತ್ತ ನಿಂತಳು. ಅಲ್ಲಿಂದ ದೇವಸ್ಥಾನಕ್ಕೆ ಹೋಗಿ ಕೂತೆ. ಏನೂ ಬೇಡಿಕೊಳ್ಳಲು ತೋಚಲಿಲ್ಲ. ಹಲ್ಲು ಕಚ್ಚಿಕೊಂಡು ಮಾಡಿದ ಪ್ರಾರ್ಥನೆ ದೇವರಿಗೆ ಸಲ್ಲುತ್ತದೋ ಇಲ್ಲವೋ.

ಮುಂದಿನ ಶನಿವಾರ ಶಿವಪ್ರಕಾಶ್ ಬಂದ. ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಶೂ ಬಿಚ್ಚಲೋ ಬೇಡವೋ ಎಂದು ನಿಂತಿದ್ದ.

"ಬಾರೋ," ಎಂದರು ಇವರು.

ಅವನು ಸೋಫಾದ ತುದಿಯಲ್ಲಿ ಕೂತ. "ಅಣ್ಣ, ಸರ್ ಮನಸಲ್ಲಿ ಏನೂ ಇಟ್ಕೊಂಡಿಲ್ಲ. ಇಲ್ಲೇ ಹತ್ತಿರ, ಡಬ್ಲಿನ್ ಊರಲ್ಲಿ ಒಂದು ಪ್ರಾಜೆಕ್ಟ್ ಇದೆಯಂತೆ. ನಿಮ್ಮ ಗ್ರೀನ್ ಕಾರ್ಡ್ ಫೈಲೂ ಮುಂದುವರಿಸ್ತಾರಂತೆ. ನಾಳೆ ಗ್ರೌಂಡಿಗೆ ಬಂದು ಎಲ್ಲರ ಮುಂದೆ, ಕೀಪಿಂಗ್ ಸರಿ ಇರ್ಲಿಲ್ಲ, ಅತ್ತಿಗೆ ಸಿಟ್ಟಲ್ಲಿ ಏನೋ ಅಂದ್ಬಿಟ್ರು ಅಂತ ಹೇಳಿದ್ರೆ ಸಾಕಂತೆ."

"ನೀನೇನ್ ಹೇಳ್ತೀಯಾ?"

"ಹೇಳ್ಬಿಡಿ ಅಣ್ಣ. ಒಂದು ಮಾತು ತಾನೇ."

ಹೇಳಿದರೆ ಇಲ್ಲಿ ಉಳಿಯುತ್ತೇವೆ. ಹೇಳಿ ಎನ್ನಲೂ ಬೇಡ ಎನ್ನಲೂ ನನಗೆ ಬಾಯಿ ಬರಲಿಲ್ಲ. ನನ್ನ ಪಾಲಿನ ಮಾತು ಆ ದಿನವೇ ಆಗಿತ್ತು.

"ಈಗ ಗೋಲಲ್ಲಿ ಯಾರು ನಿಲ್ತಿದೀರಿ?" ಎಂದು ಕೇಳಿದರು ಇವರು.

"ನಾನೇ."

"ಹೇಗಿದೆ?"

ಅವನ ಮುಖದಲ್ಲಿ ಮೊದಲ ಬಾರಿ ಸ್ವಲ್ಪ ಜೀವ ಬಂತು. "ಅಲ್ಲಿಂದ ಎಲ್ಲಾ ಕಾಣತ್ತೆ ಅಣ್ಣ. ಸರ್ ಟೈಮಿಗೆ ಹಿಂದಕ್ಕೆ ಬರೋದೇ ಇಲ್ಲ. ಅವರು ಕಾಯ್ಬೇಕಾದ ಜಾಗ ಪೂರ್ತಿ ಖಾಲಿ. ಹೋದ ವಾರ ನಾಲ್ಕಕ್ಕೆ ನಾಲ್ಕೂ ಅಲ್ಲಿಂದಾನೇ ಬಿತ್ತು."

"ಕೂಗಿ ಹೇಳಿದ್ಯಾ?"

ಅವನು ಕೈಬೆರಳುಗಳನ್ನು ನೋಡಿಕೊಂಡ.

"ನಾನು ಬರಲ್ಲ ಅಂತ ಹೇಳು," ಎಂದರು ಇವರು. "ಯಾಕೆ ಅಂತ ಕೇಳಿದ್ರೆ, ಈಗ ನನಗೆ ಹೇಳಿದ್ಯಲ್ಲ, ಅದನ್ನೇ ಅವರಿಗೂ ಹೇಳು."

"ಅದು ನನ್ ಕೈಲಿ ಆಗಲ್ಲ ಅಣ್ಣ. ಗ್ರೀನ್ ಕಾರ್ಡಿಗೆ ಬೇಕಾದ ನನ್ನ ಲೇಬರ್ ಕ್ಲಿಯರೆನ್ಸು ಈ ತಿಂಗಳು ಬರೋದಿದೆ."

ಇವರು ಎದ್ದು ಒಳಗೆ ಹೋದರು. ಶಿವಪ್ರಕಾಶ್ ನನ್ನ ಮುಖ ನೋಡಿದ. ಊಟ ಮಾಡಿಕೊಂಡು ಹೋಗು ಎಂದು ಎಂದೂ ಹೇಳದೆ ಕಳಿಸಿದವಳಲ್ಲ ನಾನು. ಅಂದು ಬಾಗಿಲ ತನಕ ಮಾತ್ರ ಹೋದೆ.

"ಹಾಗಾದ್ರೆ ನಾಳೆಯ ಮ್ಯಾಚೂ ಸೋಲ್ತೀರಪ್ಪ," ಎಂದೆ.

ಅವನು ಶೂ ಹಿಮ್ಮಡಿಯನ್ನು ತುಳಿದುಕೊಂಡೇ ಮೆಟ್ಟಿಲಿಳಿದು ಹೋದ. ನಾನು ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಇವರು ಬಟ್ಟೆ ಕಪಾಟಿನ ಮೇಲಿಂದ ದೊಡ್ಡ ಸೂಟ್‌ಕೇಸು ಇಳಿಸಿ, ಅದರ ಮೇಲಿನ ಧೂಳನ್ನು ತಮ್ಮ ಟೀಮಿನ ಜೆರ್ಸಿಯಿಂದ ಒರೆಸುತ್ತಿದ್ದರು.